ಹುಡುಗನ ತಂದೆಗೆ ಟಿಬಿ ಇತ್ತು, ಅದು ವಂಶದಲ್ಲಿ ಬರುತ್ತದಾ?

ಹುಡುಗನ ತಂದೆಗೂ ಚಿಕ್ಕಪ್ಪನಿಗೂ ಟಿಬಿ ಆಗಿತ್ತು, ‘ಅದು ಆ ಮನೆತನದ ರಕ್ತದಲ್ಲೇ ಇದೆ, ಸಂಬಂಧ ಬೇಡ’ ಅಂತ ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದಾರೆ, ನಿಜವಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ಟಿಬಿ ಕೆಮ್ಮಿನ ಜೊತೆ ಗಾಳಿಯಲ್ಲಿ ಹರಡುವ ರೋಗಾಣುವಿನಿಂದ ಬರುತ್ತದೆ, ಔಷಧಿ ಪೂರ್ತಿ ತಗೊಂಡರೆ ವಾಸಿಯಾಗುತ್ತದೆ. ಆದರೆ ಹಿರಿಯರ ಮಾತಿನಲ್ಲಿ ಒಂದೆಳೆ ಸತ್ಯ ಇದೆ, ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಅಜ್ಜನಿಗೆ ಟಿಬಿ ಇತ್ತು. ಮಲಗುವ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅಜ್ಜಿ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, ಕಫದ ಡಬ್ಬಿಗೆ ಬೂದಿ ಹಾಕಿ ತೊಳೆಯುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ. ಹಬ್ಬಕ್ಕೆ ಮಾತ್ರ ಬರುತ್ತಿದ್ದ ಅಜ್ಜನ ತಮ್ಮನಿಗೆ ಆಯ್ತು. ಒಂದು ಮನೆಯ ಕಥೆಯಿಂದ ಏನೂ ಸಾಬೀತಾಗಲ್ಲ, ಒಪ್ಪುತ್ತೇನೆ. ಆದರೆ ನಾನು ಈ ವಿಷಯ ಓದೋಕೆ ಶುರು ಮಾಡಿದ್ದು ಅದರಿಂದಲೇ.

ಟಿಬಿ ರೋಗಾಣು ಮೈಹೊಕ್ಕ ಹತ್ತರಲ್ಲಿ ಒಂಬತ್ತು ಮಂದಿಗೆ ಕಾಯಿಲೆ ಕಾಣಿಸಿಕೊಳ್ಳುವುದೇ ಇಲ್ಲ. ಡೆನ್ಮಾರ್ಕ್‌ನಲ್ಲಿ ದತ್ತು ಹೋದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಹೆತ್ತವರಲ್ಲಿ ಒಬ್ಬರು 50 ತುಂಬುವ ಮೊದಲೇ ಯಾವುದೋ ಸೋಂಕಿನಿಂದ ಸತ್ತಿದ್ದರೆ, ಬೇರೆ ಮನೆಯಲ್ಲಿ ಬೆಳೆದ ಮಕ್ಕಳೂ ಸೋಂಕಿನಿಂದ ಅಕಾಲದಲ್ಲಿ ಸಾಯುವ ಸಂಭವ ಐದು ಪಟ್ಟಿಗಿಂತ ಜಾಸ್ತಿ ಇತ್ತು. ಸಾಕಿದವರು ಹಾಗೆ ಸತ್ತಿದ್ದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ವಂಶದಲ್ಲಿ ಬರುವುದು ಕಾಯಿಲೆಯಲ್ಲ, ಅದನ್ನು ತಡೆಯುವ ಶಕ್ತಿಯ ಹೆಚ್ಚುಕಮ್ಮಿ.

ಶ್ವಾಸಕೋಶದಲ್ಲಿ ಕೆಲವು ರಕ್ಷಕ ಕಣಗಳು ಟಿಬಿ ರೋಗಾಣುವನ್ನು ನುಂಗುತ್ತವೆ. ನುಂಗಿದರೆ ಸಾಲದು, ಕೊಲ್ಲಬೇಕು. ಅದಕ್ಕೆ ಬೇರೆ ಕಣಗಳಿಂದ ‘ಇಂಟರ್‌ಫೆರಾನ್ ಗಾಮಾ’ ಅನ್ನೋ ಸಂದೇಶ ಬರಬೇಕು. ಆ ಸಂದೇಶ ಹಿಡಿಯುವ ಭಾಗವನ್ನು ಕಟ್ಟುವ ಜೀನ್ (ಹೆತ್ತವರಿಂದ ಬರುವ ವಂಶವಾಹಿ) ಪೂರ್ತಿ ಕೆಟ್ಟಿದ್ದರೆ, ರೋಗಾಣು ನುಂಗಿದ ಕಣದೊಳಗೇ ಬೆಳೆಯುತ್ತದೆ. ನಿಮ್ಮ ಎಡತೋಳಿನ ಮೇಲೆ ಟಿಬಿ ತಡೆಗೆ ಹಾಕುವ ಬಿಸಿಜಿ ಲಸಿಕೆಯ ಪುಟ್ಟ ಕಲೆ ಇರಬಹುದು, ನೋಡಿಕೊಳ್ಳಿ. ಆ ಲಸಿಕೆಯಲ್ಲಿ ಜೀವಂತ, ಆದರೆ ಬಲಗುಂದಿಸಿದ ರೋಗಾಣು ಇರುತ್ತದೆ. ನಮ್ಮ ಮೈ ಅದನ್ನು ಅಷ್ಟಕ್ಕೇ ನಿಲ್ಲಿಸಿತು. ಟ್ಯುನೀಷಿಯಾದ ಒಂದು ಮಗುವಿಗೆ ಅದೇ ಲಸಿಕೆಯ ರೋಗಾಣು ಮೈಯೆಲ್ಲ ಹರಡಿತ್ತು. ಕಾರಣ ಈ ಜೀನ್ ಅಂತ 1996ರಲ್ಲಿ ಗೊತ್ತಾಯಿತು. ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರು, ಆ ಜೀನ್‌ನ ಕೆಟ್ಟ ಪ್ರತಿ ಇಬ್ಬರಿಂದಲೂ ಬಂದಿತ್ತು.

ಇದು ತುಂಬಾ ಅಪರೂಪ. ಸಾಮಾನ್ಯ ಟಿಬಿಯಲ್ಲಿ ಹತ್ತಾರು ಜೀನ್‌ಗಳ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ, ಒಂದೊಂದರ ಪ್ರಭಾವ ಕಡಿಮೆ. ಸರಿಯಾದ ಊಟ ಇಲ್ಲದಿರುವುದು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಗಾಳಿಯಾಡದ ಕೋಣೆ ಇವೆಲ್ಲ ಅದಕ್ಕಿಂತ ದೊಡ್ಡ ಕಾರಣಗಳು. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ಬರೀ ಆಹಾರದ ಕಿಟ್ ಕೊಟ್ಟಿದ್ದಕ್ಕೇ ಹೊಸದಾಗಿ ಕಾಯಿಲೆ ಬೀಳುವವರು ಸುಮಾರು 40% ಕಡಿಮೆಯಾದರು. ಈ ಅಧ್ಯಯನ 2023ರಲ್ಲಿ ಬಂತು. ಅಣ್ಣತಮ್ಮಂದಿರಿಗೆ ಜೀನ್‌ಗಳಲ್ಲಿ ಸುಮಾರು ಅರ್ಧ ಒಂದೇ ಇರುವ ಹಾಗೆ ಬಾಲ್ಯದ ಕೋಣೆ, ತಟ್ಟೆಯ ಊಟ ಕೂಡ ಒಂದೇ ಅಲ್ವಾ?

ಹಾಗಾಗಿ ಇದೊಂದೇ ಕಾರಣಕ್ಕೆ ಹುಡುಗನನ್ನು ಬೇಡ ಅನ್ನಬೇಡಿ. ಜೀನ್ ಪರೀಕ್ಷೆಗೆ ಸುಮ್ನೆ ದುಡ್ಡು ಸುರಿಯೋದೂ ಬೇಡ. ತಂದೆ, ಚಿಕ್ಕಪ್ಪ ಇಬ್ಬರೂ ಮಾತ್ರೆ ಕೋರ್ಸ್ ಮುಗಿಸಿದ್ದಾರಾ ಕೇಳಿ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಲಿ, ದುಡ್ಡು ಕೊಡಬೇಕಿಲ್ಲ. ಇನ್ನು, ಹುಡುಗ ನಿಮಗೆ ಸೋದರಮಾವನೋ ಅತ್ತೆಯ ಮಗನೋ ಆಗಿದ್ದು, ಎರಡರಲ್ಲಿ ಯಾವ ಮನೆಯಲ್ಲಾದರೂ ಎಳೆ ಮಗು ಬಿಸಿಜಿ ಆದಮೇಲೆ ತೀವ್ರ ಸೋಂಕಿನಿಂದ ತೀರಿಕೊಂಡಿದ್ದರೆ, ಮದುವೆಗೆ ಮೊದಲೇ ಜೆನೆಟಿಕ್ಸ್ ವೈದ್ಯರನ್ನು ಒಮ್ಮೆ ಕಾಣಿ.