ಸಂಪಾದಕರ ಉತ್ತರ: ಅಮೆರಿಕದ ಮೊದಲ ನಾಯಕರು ನಿಜಕ್ಕೂ ಜಗಳ ಆಡಲಿಲ್ಲವೇ?

ನಮಸ್ಕಾರ ಮೇಷ್ಟ್ರೇ,

ಕಳೆದ ಸಂಚಿಕೆಯ ಜಾರ್ಜ್ ವಾಷಿಂಗ್ಟನ್ ಲೇಖನ ಓದಿ ನೀವು ಬರೆದ ಉದ್ದದ ಪತ್ರ ತಲುಪಿತು. ಪೂರ್ತಿ ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಶಿರಸಿ ಕಡೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಈ ಮೇಷ್ಟ್ರು ಮೂರು ಪ್ರಶ್ನೆ ಕೇಳಿದ್ದಾರೆ. ಒಂದು, ಅಮೆರಿಕದ ಮೊದಲ ತಲೆಮಾರಿನ ನಾಯಕರು ಪಕ್ಷ, ಗುಂಪು ಅಂತ ಕಿತ್ತಾಡದೆ ದೇಶವೇ ಮುಖ್ಯ ಅಂದುಕೊಂಡಿದ್ದರು, ವಾಷಿಂಗ್ಟನ್ ತಾವಾಗಿಯೇ ಕುರ್ಚಿ ಬಿಟ್ಟರು, 1800ರಲ್ಲಿ ಸೋತ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಮರುಮಾತಿಲ್ಲದೆ ಮನೆಗೆ ಹೋದರು, ಅಂಥವರು ಕಟ್ಟಿದ ವ್ಯವಸ್ಥೆ ಕೆಟ್ಟಿದ್ದು ಯಾವಾಗ? ಎರಡು, 1796ರಲ್ಲಿ ಅಧ್ಯಕ್ಷರು ಒಂದು ಬಣ, ಉಪಾಧ್ಯಕ್ಷರು ಎದುರು ಬಣ, ಅದು ಹೇಗಾಯಿತು? ಮೂರು, ಎಲೆಕ್ಟರುಗಳ, ಅಂದರೆ ಅಧ್ಯಕ್ಷರನ್ನು ಆರಿಸಲು ಮತ ಹಾಕುವ ಪ್ರತಿನಿಧಿಗಳ, ಮತ ಸಮ ಬಂದರೆ ಇವತ್ತು ಏನು ಮಾಡುತ್ತಾರೆ?

ಮೊದಲ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ. ಅವರು ಕಿತ್ತಾಡಿದರು, ಜೋರಾಗಿಯೇ ಕಿತ್ತಾಡಿದರು. ಪತ್ರಿಕೆಗಳಲ್ಲಿ ಬೈದಾಡಿದರು, ಕಾನೂನು ತಂದು ಎದುರಾಳಿಗಳನ್ನು ಜೈಲಿಗೆ ಹಾಕಿದರು, ಗೆಲ್ಲಲು ನಿಯಮ ಬದಲಿಸಲೂ ಹೊರಟರು. ಆದರೂ ದೇಶ ಒಡೆಯಲಿಲ್ಲ. ಏಕೆ ಒಡೆಯಲಿಲ್ಲ ಅನ್ನುವುದೇ ನನಗೆ ದೊಡ್ಡ ವಿಷಯ. ಅವರನ್ನು ಜಗಳವೇ ಗೊತ್ತಿಲ್ಲದ ಋಷಿಗಳು ಅಂತ ಮಕ್ಕಳಿಗೆ ಹೇಳಿದರೆ ಆ ವಿಷಯವೇ ಕೈತಪ್ಪಿ ಹೋಗುತ್ತದೆ.

ಸಂವಿಧಾನ ಬರೆದವರು ಪಕ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಅದು ನಿಜ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ಮಾಡಿದ ಏರ್ಪಾಡು ಹೀಗಿತ್ತು: ಪ್ರತಿ ರಾಜ್ಯ ಕೆಲವು ಎಲೆಕ್ಟರುಗಳನ್ನು ಆರಿಸುತ್ತದೆ. ಪ್ರತಿ ಎಲೆಕ್ಟರ್ ಇಬ್ಬರ ಹೆಸರು ಬರೆಯಬೇಕು, ಅದರಲ್ಲಿ ಒಬ್ಬರಾದರೂ ಹೊರ ರಾಜ್ಯದವರಾಗಿರಬೇಕು. ಬಹುಮತದೊಂದಿಗೆ ಮೊದಲು ಬಂದವರು ಅಧ್ಯಕ್ಷ, ಎರಡನೆಯವರು ಉಪಾಧ್ಯಕ್ಷ. ಯಾವ ಹೆಸರು ಯಾವ ಹುದ್ದೆಗೆ ಅಂತ ಬರೆಯುವ ಹಾಗಿರಲಿಲ್ಲ. ವಾಷಿಂಗ್ಟನ್ ಇದ್ದಷ್ಟು ದಿನ ಇದರಿಂದ ತೊಂದರೆ ಆಗಲಿಲ್ಲ. 1789ರಲ್ಲೂ 1792ರಲ್ಲೂ ಮತ ಹಾಕಿದ ಎಲ್ಲ ಎಲೆಕ್ಟರುಗಳೂ ಅವರ ಹೆಸರು ಬರೆದರು.

ಆದರೆ ಜಗಳ ಅವರ ಸಂಪುಟದಲ್ಲೇ ಶುರುವಾಗಿತ್ತು. ಖಜಾನೆ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ಗೆ ರಾಷ್ಟ್ರೀಯ ಬ್ಯಾಂಕು ಬೇಕು, ರಾಜ್ಯಗಳ ಯುದ್ಧದ ಸಾಲವನ್ನೆಲ್ಲ ಕೇಂದ್ರ ಹೊರಬೇಕು, ಇಂಗ್ಲೆಂಡಿನ ಜೊತೆ ವ್ಯಾಪಾರ ಚೆನ್ನಾಗಿರಬೇಕು. ವಿದೇಶಾಂಗ ನೋಡಿಕೊಳ್ಳುತ್ತಿದ್ದ ಥಾಮಸ್ ಜೆಫರ್ಸನ್‌ಗೆ ಇದೆಲ್ಲ ಹಣವಂತರ ಕೈಗೆ ದೇಶ ಕೊಟ್ಟಂತೆ ಕಂಡಿತು. ಅವರ ಒಲವು ರೈತರ ಕಡೆ, ರಾಜ್ಯಗಳ ಹಕ್ಕಿನ ಕಡೆ, ಫ್ರಾನ್ಸಿನ ಕ್ರಾಂತಿಯ ಕಡೆ. ಹ್ಯಾಮಿಲ್ಟನ್ ಕಡೆಯವರು ಫೆಡರಲಿಸ್ಟರಾದರು. ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ ಕಡೆಯವರು ರಿಪಬ್ಲಿಕನ್ನರಾದರು. (ಇವತ್ತಿನ ರಿಪಬ್ಲಿಕನ್ ಪಕ್ಷವೇ ಬೇರೆ, ಅದು ಹುಟ್ಟಿದ್ದು 1854ರಲ್ಲಿ.)

ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಕನ್ನಡದವರಿಗೆ ಇಷ್ಟವಾಗುವಂಥದ್ದು. ಸರ್ಕಾರದ ಒಳಗಿದ್ದುಕೊಂಡೇ ಹ್ಯಾಮಿಲ್ಟನ್‌ರನ್ನು ಎದುರಿಸಲು ಜೆಫರ್ಸನ್ 1791ರಲ್ಲಿ ಫಿಲಿಪ್ ಫ್ರೆನೋ ಎಂಬ ಕವಿಗೆ ತಮ್ಮ ಇಲಾಖೆಯಲ್ಲಿ ವರ್ಷಕ್ಕೆ 250 ಡಾಲರಿನ ಅನುವಾದಕನ ಕೆಲಸ ಕೊಟ್ಟರು. ಅದೇ ಫ್ರೆನೋ ಫಿಲಡೆಲ್ಫಿಯಾದಲ್ಲಿ ಪತ್ರಿಕೆ ಶುರುಮಾಡಿ ಹ್ಯಾಮಿಲ್ಟನ್‌ರ ಮೇಲೆ ಮುಗಿಬಿದ್ದರು. ಈ ಫ್ರೆನೋ ಅದಕ್ಕೂ ಮೊದಲು, 1782ರಲ್ಲಿ, ಒಂದು ಯುದ್ಧದ ಹಡಗಿನ ಮೇಲೆ ಪದ್ಯ ಕಟ್ಟಿದ್ದರು. ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗನ್ನು ಸೆರೆಹಿಡಿದ ಆ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ನಮ್ಮ ಮೈಸೂರಿನ ಹೈದರಾಲಿಯೇ! ಬ್ರಿಟಿಷರನ್ನು ಎದುರಿಸಿದವನೆಂದು ಅಷ್ಟು ದೂರದಲ್ಲೂ ಅವನ ಹೆಸರು ಓಡುತ್ತಿತ್ತು. ಮುಂದಿನ ಬಾರಿ ಮಕ್ಕಳಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಹೇಳುವಾಗ ಇದನ್ನು ಬಿಡಬೇಡಿ.

ವಾಷಿಂಗ್ಟನ್ 1796ರ ಸೆಪ್ಟೆಂಬರಿನಲ್ಲಿ ವಿದಾಯದ ಮಾತು ಅಚ್ಚು ಹಾಕಿಸಿದರು. ಪಕ್ಷದ ಹುಚ್ಚಿನ ಬಗ್ಗೆ ಎಚ್ಚರ ಅಂತ ಅದರಲ್ಲಿ ಹೇಳಿದರು. ಅದು ಮುಂದೆ ಯಾವಾಗಲೋ ಬರಬಹುದಾದ ಕಾಯಿಲೆಯ ಬಗ್ಗೆ ಹೇಳಿದ ಮಾತಲ್ಲ. ಅವರ ಕಣ್ಣೆದುರೇ ನಡೆಯುತ್ತಿತ್ತು. ಆ ಬರಹದ ಕರಡು ತಿದ್ದಿದವರೇ ಹ್ಯಾಮಿಲ್ಟನ್, ಅಂದರೆ ಒಂದು ಪಕ್ಷದ ಮುಖ್ಯಸ್ಥ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 1796ರಲ್ಲಿ ಫೆಡರಲಿಸ್ಟರು ಆಡಮ್ಸ್‌ರನ್ನು ಅಧ್ಯಕ್ಷರಾಗಿಸಿ, ಥಾಮಸ್ ಪಿಂಕ್ನಿಯನ್ನು ಉಪಾಧ್ಯಕ್ಷರಾಗಿಸಲು ಹೊರಟಿದ್ದರು. ಆದರೆ ಎರಡು ಮತಕ್ಕೂ ಬೆಲೆ ಒಂದೇ ಅಲ್ವಾ? ಪಿಂಕ್ನಿಗೆ ಒಂದೆರಡು ಮತ ಜಾಸ್ತಿ ಬಿದ್ದರೆ ಅವರೇ ಅಧ್ಯಕ್ಷ. ಹ್ಯಾಮಿಲ್ಟನ್ ಒಳಗೊಳಗೇ ಬಯಸಿದ್ದೂ ಅದನ್ನೇ. ಈ ಸುಳಿವು ಸಿಕ್ಕ ಉತ್ತರದ ಕೆಲವು ಎಲೆಕ್ಟರುಗಳು ಪಿಂಕ್ನಿಯ ಹೆಸರನ್ನೇ ಬಿಟ್ಟರು. ಲೆಕ್ಕ ಮುಗಿದಾಗ ಆಡಮ್ಸ್‌ಗೆ 71, ಜೆಫರ್ಸನ್‌ಗೆ 68, ಪಿಂಕ್ನಿಗೆ 59. ಹೀಗೆ ಆಡಮ್ಸ್‌ರನ್ನು ಸೋಲಿಸಲು ನಿಂತ ಜೆಫರ್ಸನ್ ಅವರಿಗೇ ಉಪಾಧ್ಯಕ್ಷರಾದರು.

ಮುಂದಿನ ನಾಲ್ಕು ವರ್ಷ ಕೆಟ್ಟದಾಗಿ ನಡೆದವು. ಫ್ರಾನ್ಸಿನ ಜೊತೆ ಯುದ್ಧ ಆಗಿಯೇಬಿಡುತ್ತದೆ ಅನ್ನುವ ವಾತಾವರಣದಲ್ಲಿ, 1798ರಲ್ಲಿ, ಫೆಡರಲಿಸ್ಟರು ರಾಜದ್ರೋಹದ ಕಾಯ್ದೆ ತಂದರು. ಸರ್ಕಾರ, ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು, ಅಧ್ಯಕ್ಷರು, ಇವರ ಮೇಲೆ ಸುಳ್ಳು ನಿಂದೆ ಬರೆದರೆ 2 ವರ್ಷದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಉಪಾಧ್ಯಕ್ಷರಿಗೆ ಮಾತ್ರ ಆ ರಕ್ಷಣೆ ಇರಲಿಲ್ಲ. ಆ ಕುರ್ಚಿಯಲ್ಲಿದ್ದವರು ಜೆಫರ್ಸನ್! ಕಾಯ್ದೆ ಯಾರಿಗಾಗಿ ಬರೆದದ್ದು ಅಂತ ಇನ್ನೇನು ಹೇಳಬೇಕು? ವರ್ಮಾಂಟಿನ ರಿಪಬ್ಲಿಕನ್ ಸಂಸದ ಮ್ಯಾಥ್ಯೂ ಲಯನ್ ಆಡಮ್ಸ್ ಬಗ್ಗೆ ಬರೆದದ್ದಕ್ಕೆ 4 ತಿಂಗಳು ಜೈಲು, 1,000 ಡಾಲರ್ ದಂಡ ಅನುಭವಿಸಿದರು. ಜನ ಅವರನ್ನು ಜೈಲಿನಲ್ಲಿದ್ದಾಗಲೇ ಮತ್ತೆ ಗೆಲ್ಲಿಸಿದರು. ಈ ಲಯನ್ ಹೆಸರು ನೆನಪಿಟ್ಟುಕೊಳ್ಳಿ.

1800ರ ಚುನಾವಣೆ ತಿರುಗಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಎಲೆಕ್ಟರುಗಳನ್ನು ಆರಿಸುವುದು ರಾಜ್ಯದ ಶಾಸನಸಭೆ. ರಿಪಬ್ಲಿಕನ್ ನಾಯಕ ಏರನ್ ಬರ್ ನಗರದ ವಾರ್ಡು ವಾರ್ಡಿನಲ್ಲೂ ಮತದಾರರ ಪಟ್ಟಿ ಹಿಡಿದು ಕೆಲಸ ಮಾಡಿ ಆ ಸಭೆಯನ್ನು ರಿಪಬ್ಲಿಕನ್ನರಿಗೆ ಗೆದ್ದುಕೊಟ್ಟರು. ಅಲ್ಲಿಗೆ 12 ಎಲೆಕ್ಟರುಗಳು ಫೆಡರಲಿಸ್ಟರ ಕೈ ಬಿಟ್ಟವು. ಹ್ಯಾಮಿಲ್ಟನ್ ಗಾಬರಿಯಾಗಿ ಗವರ್ನರ್ ಜಾನ್ ಜೇಗೆ ಪತ್ರ ಬರೆದರು: ಹಳೆಯ ಸಭೆಯ ಅವಧಿ ಇನ್ನೂ ಇದೆ, ಅದನ್ನು ಕರೆದು ಎಲೆಕ್ಟರುಗಳನ್ನು ಆರಿಸುವ ನಿಯಮವನ್ನೇ ಬದಲಿಸಿ, ಜೆಫರ್ಸನ್ ಬರಬಾರದು. ಕಾನೂನಿನ ಪ್ರಕಾರ ಬಹುಶಃ ಮಾಡಬಹುದಿತ್ತು. ಜೇ ಕೂಡ ಫೆಡರಲಿಸ್ಟರೇ, ಹ್ಯಾಮಿಲ್ಟನ್‌ರ ಸ್ನೇಹಿತರೇ. ಅವರು ಆ ಪತ್ರದ ಮೇಲೆ ಒಂದೇ ಸಾಲು ಬರೆದಿಟ್ಟರು: ಪಕ್ಷದ ಲಾಭಕ್ಕಾಗಿ ಸೂಚಿಸಿರುವ ಈ ಕ್ರಮ ತೆಗೆದುಕೊಳ್ಳುವುದು ನನಗೆ ಶೋಭಿಸುವುದಿಲ್ಲ. ಅಷ್ಟೇ, ಸುಮ್ಮನಾದರು. ನನ್ನ ಮಟ್ಟಿಗೆ ಆ ವರ್ಷದ ಅತ್ಯಂತ ದೊಡ್ಡ ಕೆಲಸ ಇದು. ಭಾಷಣ ಇಲ್ಲ, ಸಭೆ ಇಲ್ಲ. ಕೈಯಲ್ಲಿ ಅಧಿಕಾರ ಇತ್ತು, ತಮ್ಮ ಪಕ್ಷ ಸೋಲುತ್ತದೆ ಅಂತ ಗೊತ್ತಿತ್ತು, ಆದರೂ ಅದನ್ನು ಬಳಸಲಿಲ್ಲ.

ಫಲಿತಾಂಶ ಬಂದಾಗ ಆಡಮ್ಸ್‌ಗೆ 65. ಜೆಫರ್ಸನ್‌ಗೆ 73. ಅವರ ಜೊತೆ ಉಪಾಧ್ಯಕ್ಷರಾಗಬೇಕಿದ್ದ ಬರ್‌ಗೂ 73! ಯಾರಾದರೂ ಒಬ್ಬ ಎಲೆಕ್ಟರ್ ಬರ್‌ಗೆ ಒಂದು ಮತ ತಪ್ಪಿಸಬೇಕಿತ್ತು. ಫೆಡರಲಿಸ್ಟರು ತಮ್ಮ ಎರಡನೇ ಅಭ್ಯರ್ಥಿಗೆ ಹಾಗೆ ಒಂದು ಮತ ಕಮ್ಮಿ ಮಾಡಿದ್ದರು, ರಿಪಬ್ಲಿಕನ್ನರಲ್ಲಿ ಯಾರೂ ಮಾಡಲಿಲ್ಲ.

ಆ 73ರ ಒಳಗೆ ಏನಿತ್ತು ಅನ್ನುವುದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕು ಮೇಷ್ಟ್ರೇ, ಇದನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಕಾಂಗ್ರೆಸ್ಸಿನ ಕೆಳಮನೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ ಗುಲಾಮರಲ್ಲಿ ಐದು ಜನರನ್ನು ಮೂವರು ಅಂತ ಎಣಿಸಬೇಕು ಎಂದು ಸಂವಿಧಾನದಲ್ಲೇ ಇತ್ತು. ಎಲೆಕ್ಟರುಗಳ ಲೆಕ್ಕವೂ ಅದರಿಂದಲೇ ಬರುತ್ತಿತ್ತು. 1790ರ ಜನಗಣತಿಯಲ್ಲಿ ಪೆನ್ಸಿಲ್ವೇನಿಯಾದ ಸ್ವತಂತ್ರ ಜನ ಸುಮಾರು 4.3 ಲಕ್ಷ, ವರ್ಜೀನಿಯಾದಲ್ಲಿ ಸುಮಾರು 4.55 ಲಕ್ಷ. ಹೆಚ್ಚೇನೂ ವ್ಯತ್ಯಾಸ ಇಲ್ಲ. ಆದರೆ ಪೆನ್ಸಿಲ್ವೇನಿಯಾಕ್ಕೆ 15 ಎಲೆಕ್ಟರು, ವರ್ಜೀನಿಯಾಕ್ಕೆ 21. ವರ್ಜೀನಿಯಾದಲ್ಲಿ 2.9 ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ಅವರಿಗೆ ಮತ ಇಲ್ಲ, ಆದರೆ ಅವರ ತಲೆ ಎಣಿಸಿ ಒಡೆಯರಿಗೆ ಮತ! ಈ ಎಣಿಕೆ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಅನ್ನುವುದು ಅನೇಕ ಇತಿಹಾಸಕಾರರ ಲೆಕ್ಕ. ಅದೇ 1800ರ ಬೇಸಿಗೆಯಲ್ಲಿ ರಿಚ್ಮಂಡ್ ಹತ್ತಿರ ಗೇಬ್ರಿಯಲ್ ಎಂಬ ಗುಲಾಮ ಕಮ್ಮಾರ ದಂಗೆಗೆ ಜನ ಸೇರಿಸಿದ. ಸುದ್ದಿ ಮೊದಲೇ ಸೋರಿತು. ಅವನನ್ನೂ ಸೇರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ನೇಣಿಗೆ ಹಾಕಿದರು. ಆಗ ವರ್ಜೀನಿಯಾದ ಗವರ್ನರ್ ಜೇಮ್ಸ್ ಮನ್ರೋ, ಮುಂದೆ ದೇಶದ ಐದನೇ ಅಧ್ಯಕ್ಷ. ಸ್ವಾತಂತ್ರ್ಯದ ಹೆಸರಿನಲ್ಲಿ ಚುನಾವಣೆ ಗೆಲ್ಲುತ್ತಿದ್ದ ಪಕ್ಷದವರೇ ಅವರೂ.

ಮತ ಸಮ ಬಂದದ್ದರಿಂದ ತೀರ್ಮಾನ ಕೆಳಮನೆಗೆ ಹೋಯಿತು. ಅಲ್ಲಿ ಪ್ರತಿ ರಾಜ್ಯಕ್ಕೂ ಒಂದೇ ಮತ, 16 ರಾಜ್ಯಗಳಲ್ಲಿ 9 ಬೇಕು. ಕಷ್ಟ ಏನೆಂದರೆ, ತೀರ್ಮಾನ ಮಾಡಬೇಕಾದದ್ದು ಹೊಸದಾಗಿ ಗೆದ್ದವರ ಸಭೆಯಲ್ಲ, ಫೆಡರಲಿಸ್ಟರೇ ಹೆಚ್ಚಿದ್ದ ಹಳೆಯ ಸಭೆ. ಅವರಲ್ಲಿ ಬಹಳ ಜನ ಜೆಫರ್ಸನ್‌ಗಿಂತ ಬರ್ ವಾಸಿ ಅಂದುಕೊಂಡರು. ಬರ್ ‘ನನಗೆ ಬೇಡ’ ಅಂತ ಖಡಾಖಂಡಿತವಾಗಿ ಹೇಳಲೂ ಇಲ್ಲ.

1801ರ ಫೆಬ್ರವರಿ 11ರಂದು ಮತದಾನ ಶುರುವಾಯಿತು. ಹೊರಗೆ ಹಿಮ ಸುರಿಯುತ್ತಿತ್ತು. ಮೇರಿಲ್ಯಾಂಡಿನ ಜೋಸೆಫ್ ನಿಕೋಲ್ಸನ್ ಜೋರು ಜ್ವರದಲ್ಲಿದ್ದರು, ಅವರನ್ನು ಎತ್ತಿಕೊಂಡು ಬಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಅವರೊಬ್ಬರು ಇಲ್ಲದಿದ್ದರೆ ಮೇರಿಲ್ಯಾಂಡ್ ಬರ್ ಕಡೆ ಹೋಗುತ್ತಿತ್ತು. ಪ್ರತಿ ಸುತ್ತಿಗೂ ಮತಪೆಟ್ಟಿಗೆ ಅವರ ಹಾಸಿಗೆಯ ಹತ್ತಿರ ಹೋಗುತ್ತಿತ್ತು. ಜೆಫರ್ಸನ್‌ಗೆ 8 ರಾಜ್ಯ, ಬರ್‌ಗೆ 6, ಎರಡು ರಾಜ್ಯ ಒಳಗೇ ಒಡೆದು ಯಾರಿಗೂ ಇಲ್ಲ. ರಾತ್ರಿಯಿಡೀ ಹಾಕಿದರು, ಅದೇ. ಮರುದಿನವೂ ಅದೇ. 35 ಸುತ್ತು ಅದೇ. ಈ ನಡುವೆ ಪೆನ್ಸಿಲ್ವೇನಿಯಾ ಮತ್ತು ವರ್ಜೀನಿಯಾದ ಗವರ್ನರುಗಳು, ಫೆಡರಲಿಸ್ಟರು ಗದ್ದುಗೆ ಕಸಿಯಲು ಹೊರಟರೆ ಇರಲಿ ಅಂತ ಸೈನ್ಯ ಸಿದ್ಧ ಇಟ್ಟುಕೊಂಡಿದ್ದರು. ಅಂದರೆ ದೇಶ ಹುಟ್ಟಿ ಇಪ್ಪತ್ತೈದು ವರ್ಷ ತುಂಬುವ ಮೊದಲೇ ಒಳಯುದ್ಧದ ಬಾಗಿಲಿಗೆ ಬಂದಿತ್ತು.

ಹ್ಯಾಮಿಲ್ಟನ್ ಇಲ್ಲಿ ಬೇರೆಯೇ ಆದರು. ನಿಯಮ ಬದಲಿಸಲು ಹೊರಟಿದ್ದ ಅದೇ ಮನುಷ್ಯ ಈಗ ಕೂತು ಪತ್ರದ ಮೇಲೆ ಪತ್ರ ಬರೆದು, ತಮ್ಮ ಹಳೆಯ ವೈರಿ ಜೆಫರ್ಸನ್‌ರನ್ನೇ ಗೆಲ್ಲಿಸಿ ಅಂತ ತಮ್ಮ ಪಕ್ಷದವರನ್ನು ಒತ್ತಾಯಿಸಿದರು. ಜೆಫರ್ಸನ್‌ಗೆ ಏನಿಲ್ಲವೆಂದರೂ ಒಂದು ತತ್ವ ಇದೆ, ಬರ್‌ಗೆ ತನ್ನನ್ನು ಬಿಟ್ಟರೆ ಬೇರೇನೂ ಇಲ್ಲ ಅನ್ನುವುದು ಅವರ ವಾದ. (ಮೂರು ವರ್ಷದ ಮೇಲೆ, 1804ರಲ್ಲಿ, ಬರ್ ಗುಂಡಿಗೇ ಅವರು ಸತ್ತರು.) ಆದರೆ ಗಂಟು ಬಿಡಿಸಿದವರು ಡೆಲವೇರ್‌ನ ಏಕೈಕ ಸದಸ್ಯ ಜೇಮ್ಸ್ ಬೇಯಾರ್ಡ್, ಅವರೂ ಫೆಡರಲಿಸ್ಟ್. ಅವರೊಬ್ಬರ ಕೈಯಲ್ಲಿ ಒಂದು ಇಡೀ ರಾಜ್ಯದ ಮತ ಇತ್ತು. ನೌಕಾಪಡೆ, ಸಾಲ ತೀರಿಸುವುದು, ನೌಕರರ ಕೆಲಸ, ಇವುಗಳ ಬಗ್ಗೆ ಜೆಫರ್ಸನ್ ಕಡೆಯಿಂದ ಭರವಸೆ ಸಿಕ್ಕಿತು ಎಂದು ಬೇಯಾರ್ಡ್ ಮುಂದೆ ಪ್ರಮಾಣ ಮಾಡಿ ಹೇಳಿದರು. ಅಂಥ ಒಪ್ಪಂದವೇ ಆಗಿಲ್ಲ ಎಂದು ಜೆಫರ್ಸನ್ ಹೇಳಿದರು. ಏನೇ ಇರಲಿ, ಫೆಬ್ರವರಿ 17ರಂದು 36ನೇ ಸುತ್ತಿನಲ್ಲಿ ಬೇಯಾರ್ಡ್ ಖಾಲಿ ಚೀಟಿ ಹಾಕಿದರು. ಮೇರಿಲ್ಯಾಂಡಿನ ಫೆಡರಲಿಸ್ಟರೂ ಖಾಲಿ ಹಾಕಿದ್ದರಿಂದ ಆ ರಾಜ್ಯ ಜೆಫರ್ಸನ್‌ಗೆ ಹೋಯಿತು. ವರ್ಮಾಂಟಿನ ಇಬ್ಬರು ಸದಸ್ಯರಲ್ಲಿ ಫೆಡರಲಿಸ್ಟ್ ಆಗಿದ್ದವರು ಮತದ ಹೊತ್ತಿಗೆ ದೂರ ಉಳಿದರು. ಉಳಿದವರು ಮ್ಯಾಥ್ಯೂ ಲಯನ್! ಆಡಮ್ಸ್ ಸರ್ಕಾರ ಜೈಲಿಗೆ ಹಾಕಿದ್ದ ಮನುಷ್ಯ ಒಬ್ಬರೇ ನಿಂತು ವರ್ಮಾಂಟಿನ ಮತವನ್ನು ಜೆಫರ್ಸನ್‌ಗೆ ಹಾಕಿದರು. 10 ರಾಜ್ಯ ಜೆಫರ್ಸನ್‌ಗೆ, 4 ಬರ್‌ಗೆ, 2 ಖಾಲಿ.

ಆಡಮ್ಸ್ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. ಕೊನೆಯ ದಿನಗಳಲ್ಲಿ ಅವರು ಹೊಸ ನ್ಯಾಯಾಧೀಶರ ಹುದ್ದೆಗಳನ್ನು ತಮ್ಮವರಿಂದಲೇ ತುಂಬಿಸಿದರು. ಮಾರ್ಚ್ 4ರಂದು, ಜೆಫರ್ಸನ್ ಪ್ರಮಾಣವಚನ ತೆಗೆದುಕೊಳ್ಳುವ ದಿನ, ಬೆಳಗಿನ ಜಾವ 4ಕ್ಕೇ ಗಾಡಿ ಹತ್ತಿ ಊರು ಬಿಟ್ಟರು. ಸಮಾರಂಭಕ್ಕೆ ನಿಲ್ಲಲಿಲ್ಲ. ಕೆಲವೇ ತಿಂಗಳ ಹಿಂದೆ ಮಗ ಚಾರ್ಲ್ಸ್ ತೀರಿಕೊಂಡಿದ್ದ, ಸೋಲಿನ ನೋವೂ ಇತ್ತು. ಆದರೆ ಗಮನಿಸಿ, ಸೈನ್ಯ ಅವರ ಕೈಯಲ್ಲಿತ್ತು, ಕೆಳಮನೆ ಒಂದು ವಾರ ಒದ್ದಾಡುತ್ತಿದ್ದಾಗ ಅವರು ಅದರ ಲಾಭ ಪಡೆಯಲು ಹೋಗಲಿಲ್ಲ. ಮನಸ್ಸು ಕಹಿಯಾಗಿದ್ದರೂ ಕುರ್ಚಿ ಬಿಟ್ಟುಕೊಟ್ಟರು. ಬೇಸರವೇ ಇಲ್ಲದವರು ಬಿಟ್ಟುಕೊಡುವುದಕ್ಕಿಂತ ಇದು ದೊಡ್ಡದು ಅಂತ ನನಗೆ ಅನಿಸುತ್ತದೆ.

ಕೊನೆಯ ಪ್ರಶ್ನೆ, ಇವತ್ತು ಸಮ ಬಂದರೆ? 1804ರಲ್ಲಿ 12ನೇ ತಿದ್ದುಪಡಿ ಜಾರಿಗೆ ಬಂತು. ಆಗಿನಿಂದ ಎಲೆಕ್ಟರುಗಳು ಅಧ್ಯಕ್ಷರಿಗೆ ಒಂದು, ಉಪಾಧ್ಯಕ್ಷರಿಗೆ ಒಂದು ಅಂತ ಬೇರೆ ಬೇರೆ ಮತ ಹಾಕುತ್ತಾರೆ. ಆದರೆ ಯಾರಿಗೂ ಬಹುಮತ ಬರದಿದ್ದರೆ ಕೆಳಮನೆಗೆ ಹೋಗುವುದು, ರಾಜ್ಯಕ್ಕೊಂದೇ ಮತ, ಇದು ಹಾಗೇ ಉಳಿಯಿತು. ಅದನ್ನು ಬಳಸಬೇಕಾಗಿ ಬಂದದ್ದು ಮತ್ತೆ 1824ರ ಚುನಾವಣೆಯಲ್ಲಿ. ಆಂಡ್ರ್ಯೂ ಜಾಕ್ಸನ್‌ಗೆ 99, ಹಳೆಯ ಆಡಮ್ಸ್‌ರ ಮಗ ಜಾನ್ ಕ್ವಿನ್ಸಿ ಆಡಮ್ಸ್‌ಗೆ 84 ಎಲೆಕ್ಟರ್ ಮತ, ಉಳಿದದ್ದು ಇನ್ನಿಬ್ಬರಿಗೆ. ಕೆಳಮನೆ ಎರಡನೇ ಸ್ಥಾನದ ಆಡಮ್ಸ್‌ರನ್ನು ಆರಿಸಿತು. ನಾಲ್ಕನೇ ಸ್ಥಾನದಲ್ಲಿದ್ದ ಕೆಳಮನೆಯ ಸ್ಪೀಕರ್ ಹೆನ್ರಿ ಕ್ಲೇ ಆಡಮ್ಸ್‌ಗೆ ಬೆಂಬಲ ಕೊಟ್ಟು, ಆಮೇಲೆ ಅವರ ಸಂಪುಟದಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಜಾಕ್ಸನ್ ಕಡೆಯವರು ನಾಲ್ಕು ವರ್ಷ ಅದನ್ನೇ ಹೇಳಿ 1828ರಲ್ಲಿ ಗೆದ್ದರು.

ಈಗ ಒಟ್ಟು 538 ಎಲೆಕ್ಟರುಗಳು, 269–269 ಆಗಲು ಸಾಧ್ಯವಿದೆ. ಹಾಗಾದರೆ ಕೆಳಮನೆಯಲ್ಲಿ 50 ರಾಜ್ಯಗಳಲ್ಲಿ 26 ಗೆದ್ದವರು ಅಧ್ಯಕ್ಷ. 52 ಸದಸ್ಯರ ಕ್ಯಾಲಿಫೋರ್ನಿಯಾಕ್ಕೂ ಒಂದೇ ಮತ, ಒಬ್ಬ ಸದಸ್ಯನ ವಯೋಮಿಂಗ್‌ಗೂ ಒಂದೇ ಮತ. ಉಪಾಧ್ಯಕ್ಷರನ್ನು ಆರಿಸುವುದು ಸೆನೆಟ್ ಅಂದರೆ ಮೇಲ್ಮನೆ, ಹಾಗಾಗಿ ಇಬ್ಬರೂ ಬೇರೆ ಬೇರೆ ಪಕ್ಷದವರಾಗುವುದು ಇವತ್ತೂ ಆಗಬಹುದು. ರಾಜಧಾನಿ ವಾಷಿಂಗ್ಟನ್ ನಗರದ ಜನರಿಗೆ 3 ಎಲೆಕ್ಟರುಗಳಿದ್ದಾರೆ, ಆದರೆ ಅದು ರಾಜ್ಯವಲ್ಲದ ಕಾರಣ ಕೆಳಮನೆಯ ಈ ಮತದಾನದಲ್ಲಿ ಅವರಿಗೆ ಪಾಲೇ ಇಲ್ಲ.

ಇಂತಿ ನಿಮ್ಮ,
ಸಂಪಾದಕ