ಸಂಪಾದಕರ ಉತ್ತರ: ಆ 15 ಕಿಲೊ ಎಲ್ಲಿ ಹೋಯಿತು?

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಸಾರಾಂಶವನ್ನಷ್ಟೇ ಕೊಡುತ್ತೇನೆ. ನಿಮಗೆ 41 ವರ್ಷ. ಎರಡು ವರ್ಷಗಳಿಂದ ಮನೆ ಹತ್ತಿರದ ಜಿಮ್‌ಗೆ ಹೋಗುತ್ತಿದ್ದೀರಿ. ಬೆಂಚಿನ ಮೇಲೆ ಮಲಗಿ ರಾಡ್‌ನಲ್ಲಿ, ಅಂದರೆ ಬಾರ್‌ಬೆಲ್‌ನಲ್ಲಿ, 60 ಕಿಲೊ ತೂಕವನ್ನು ಎಂಟು ಸಲ ಒತ್ತುವ ನಿಮಗೆ, ಡಂಬೆಲ್ ಹಿಡಿದಾಗ ಕೈಗೆ 22.5 ಕಿಲೊಗಿಂತ ಹೆಚ್ಚಾದರೆ ಎಂಟು ಪೂರೈಸುವುದಿಲ್ಲ. ಎರಡೂ ಕೈ ಸೇರಿ ಅದು 45 ಕಿಲೊ. ‘ಉಳಿದ 15 ಕಿಲೊ ಎಲ್ಲಿ ಹೋಯಿತು, ರಾಡ್‌ನಲ್ಲಿ ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನೆಯೇ?’ ಎಂಬುದು ನಿಮ್ಮ ಮೊದಲ ಪ್ರಶ್ನೆ. ರಾಡ್ ಮಾಡಿದ ಮರುದಿನ ಎಡಭುಜದ ಮುಂಭಾಗ ನೋಯುತ್ತದೆ, ಡಂಬೆಲ್‌ನಲ್ಲಿ ಅಷ್ಟು ನೋಯುವುದಿಲ್ಲ. ಆದರೆ ಜಿಮ್‌ನ ಮಾಸ್ಟರ್ ‘ಡಂಬೆಲ್ ಬರೀ ಶೇಪ್‌ಗೆ, ಬಲ ಬೇಕಾದರೆ ರಾಡೇ’ ಎನ್ನುತ್ತಾರೆ, ಯಾವುದನ್ನು ಬಿಡಲಿ ಎಂಬುದು ಎರಡನೆಯದು. ಇದರ ಜೊತೆಗೆ, ‘ಎದೆಗೆ ಬಾರ್‌ಬೆಲ್ ಬೆಂಚ್ ಪ್ರೆಸ್‌ಗೆ ಸಮನಾದದ್ದು ಇನ್ನೊಂದಿಲ್ಲ’ ಎಂದು ನಮ್ಮ ವ್ಯಾಯಾಮ ಲೇಖನದಲ್ಲಿ ಬಂದಿದ್ದ ಸಾಲಿಗೆ ಆಕ್ಷೇಪಣೆ ಎತ್ತಿದ್ದೀರಿ.

ಆಕ್ಷೇಪಣೆಯನ್ನು ಒಪ್ಪಿದ್ದೇನೆ. ಆ ಸಾಲು ನನ್ನ ಕಣ್ತಪ್ಪಿನಿಂದ ಉಳಿದದ್ದಲ್ಲ. ನಾನೇ ಓದಿ, ಸರಿ ಎಂದುಕೊಂಡು ಬಿಟ್ಟದ್ದು. ಜಿಮ್‌ಗಳಲ್ಲಿ ದಿನಾ ಕೇಳುವ ಮಾತನ್ನು ಪರೀಕ್ಷಿಸದೆ ಅಚ್ಚಿಗೆ ಕಳಿಸಿದ ತಪ್ಪು ನನ್ನದು.

ನಿಮ್ಮ ಲೆಕ್ಕಕ್ಕೆ ಬರೋಣ. ಮೊದಲು ನಿಮ್ಮನ್ನೊಂದು ಪ್ರಶ್ನೆ ಕೇಳಬೇಕಾಗಿದೆ: ನಿಮ್ಮ ಜಿಮ್‌ನ ರಾಡ್ ಎಷ್ಟು ತೂಗುತ್ತದೆ? ಸ್ಪರ್ಧೆಗಳಲ್ಲಿ ಪುರುಷರು ಬಳಸುವ ಒಲಿಂಪಿಕ್ ರಾಡ್ 2.2 ಮೀಟರ್ ಉದ್ದವಿದ್ದು 20 ಕಿಲೊ ತೂಗುತ್ತದೆ. ಎರಡು ಬದಿಗೂ ಇಪ್ಪತ್ತಿಪ್ಪತ್ತು ಕಿಲೊ ಪ್ಲೇಟ್ ಹಾಕಿ 60 ಎಂದು ಹೇಳುವವರೆಲ್ಲ ಈ 20ನ್ನು ಸೇರಿಸಿಯೇ ಹೇಳುವುದು. ಆದರೆ ನಮ್ಮ ಊರುಗಳ ಗಲ್ಲಿ ಜಿಮ್‌ಗಳಲ್ಲಿ ಇರುವುದು ಬಹುಪಾಲು ಐದಾರು ಅಡಿಯ, ತೆಳ್ಳನೆಯ ರಾಡ್. ಅದು ಹನ್ನೆರಡು ಕಿಲೊ ಇರಬಹುದು, ಹತ್ತೂ ಇರಬಹುದು. ತಿಳಿಯುವುದು ಸುಲಭ: ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ಖಾಲಿ ರಾಡನ್ನು ಅಪ್ಪಿ ಹಿಡಿದು ಇನ್ನೊಮ್ಮೆ ನಿಂತು ಕಳೆಯಿರಿ. ರಾಡ್ 12 ಕಿಲೊ ಎಂದು ಹೊರಬಿದ್ದರೆ ನಿಮ್ಮ 60 ಎಂಬುದು ನಿಜದಲ್ಲಿ 52. ಕಳೆದುಹೋದ 15 ಕಿಲೊದಲ್ಲಿ ಎಂಟು ಕಿಲೊ ಆ ಕ್ಷಣಕ್ಕೇ ಸಿಕ್ಕಂತಾಯಿತು.

ಇಷ್ಟಾದರೂ ಅಂತರ ಪೂರ್ತಿ ಅಳಿಯುವುದಿಲ್ಲ, ಅಳಿಯಲೂ ಬಾರದು. ನಾರ್ವೆಯ ಸಂಶೋಧಕರು ತೂಕದ ಅಭ್ಯಾಸವಿದ್ದ 12 ಮಂದಿ ಪುರುಷರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಸಲ ಒತ್ತಬಲ್ಲ ಗರಿಷ್ಠ ತೂಕವು ರಾಡ್‌ಗಿಂತ ಡಂಬೆಲ್‌ನಲ್ಲಿ ಸರಾಸರಿ ಶೇಕಡ 17ರಷ್ಟು ಕಡಿಮೆ ಇತ್ತು. ಅದೇ ಪ್ರಮಾಣವನ್ನು ಸ್ಥೂಲವಾಗಿ ನಿಮಗೆ ಅನ್ವಯಿಸಿದರೆ, 60 ಕಿಲೊ ರಾಡ್‌ಗೆ ಸರಿದೂಗುವುದು ಕೈಗೆ 25 ಕಿಲೊ ಡಂಬೆಲ್. 52 ಕಿಲೊ ರಾಡ್‌ಗೆ ಕೈಗೆ 21.5ರ ಆಸುಪಾಸು. ಅಂದರೆ ನಿಮ್ಮ ರಾಡ್ ಹಗುರವಾದದ್ದಾದರೆ, ನೀವು ಒತ್ತುತ್ತಿರುವ 22.5ರ ಜೋಡಿ ಲೆಕ್ಕಕ್ಕಿಂತ ತುಸು ಹೆಚ್ಚೇ ಆಯಿತು. ಹನ್ನೆರಡು ಮಂದಿಯ ಸರಾಸರಿಯನ್ನು ದಾವಣಗೆರೆಯ ಒಬ್ಬರಿಗೆ ಪಟ್ಟಿ ಹಿಡಿದು ಅಳೆಯಲಾಗದು, ಆದರೂ ಗಾಬರಿಗೆ ಕಾರಣವಿಲ್ಲ ಎನ್ನಲು ಇಷ್ಟು ಸಾಕು.

ಆ ಅಧ್ಯಯನದಲ್ಲಿ ನನಗೆ ತೂಕದ ಅಂತರಕ್ಕಿಂತಲೂ ಮುಖ್ಯವೆನಿಸಿದ್ದು ಸ್ನಾಯುಗಳ ವಿದ್ಯುತ್ ಚಟುವಟಿಕೆಯ ಅಳತೆ. ತೂಕ ಕಡಿಮೆಯಿದ್ದರೂ ಎದೆಯ ದೊಡ್ಡ ಸ್ನಾಯುವಾಗಲಿ ಭುಜದ ಮುಂಭಾಗದ ಸ್ನಾಯುವಾಗಲಿ ಡಂಬೆಲ್‌ನಲ್ಲಿ ಕಡಿಮೆ ದುಡಿಯಲಿಲ್ಲ. ಕಡಿಮೆ ದುಡಿದದ್ದು ತೋಳಿನ ಹಿಂಬದಿಯ ಟ್ರೈಸೆಪ್ಸ್. ಹೆಚ್ಚು ದುಡಿದದ್ದು ಮುಂಬದಿಯ ಬೈಸೆಪ್ಸ್. ಇದರ ಕಾರಣವನ್ನು ಯಾವ ಯಂತ್ರವೂ ಇಲ್ಲದೆ ನೀವೇ ಕಂಡುಕೊಳ್ಳಬಹುದು. ಖಾಲಿ ರಾಡನ್ನು ಹಿಡಿದು ಮಲಗಿ, ಎರಡು ಕೈಗಳಿಂದ ಅದನ್ನು ಹೊರಕ್ಕೆ, ನಡುವೆ ಎಳೆದು ತುಂಡು ಮಾಡುವವರಂತೆ ತಳ್ಳಿ ನೋಡಿ. ರಾಡ್ ಅಲುಗುವುದಿಲ್ಲ, ಅಂಗೈ ಜಾರುವುದಿಲ್ಲ. ಎಡಗೈಯ ನೂಕನ್ನು ಬಲಗೈಯ ನೂಕು ಕಬ್ಬಿಣದ ಮೂಲಕವೇ ತಡೆದು ನಿಲ್ಲಿಸುತ್ತದೆ. ಮೇಲಕ್ಕೆ ಒತ್ತುವಾಗಲೂ ನಾವು ಅರಿಯದೆಯೇ ಹೀಗೆ ಹೊರಕ್ಕೆ ನೂಕುತ್ತಿರುತ್ತೇವೆ, ಮೊಣಕೈಯನ್ನು ನೆಟ್ಟಗಾಗಿಸುವ ಟ್ರೈಸೆಪ್ಸ್ ತನ್ನ ಬಲವನ್ನೆಲ್ಲ ಅಲ್ಲಿ ಸುರಿಯುತ್ತದೆ. ಇದೇ ನೂಕನ್ನು ಡಂಬೆಲ್‌ಗೆ ಕೊಟ್ಟರೆ ಅದು ಬೆಂಚಿನಾಚೆಗೆ ಹೊರಟೇ ಹೋಗುತ್ತದೆ. ಹಾಗಾಗಿ ಮುಂಗೈ ಆದಿಯಿಂದ ಅಂತ್ಯದವರೆಗೆ ಡಂಬೆಲ್‌ನ ಕೆಳಗೆ ನೆಟ್ಟಗೆ ಕಂಬದಂತೆ ನಿಲ್ಲಬೇಕು. ಬೈಸೆಪ್ಸ್ ಅದನ್ನು ಹೊರಕ್ಕೆ ವಾಲದಂತೆ ಹಿಡಿದಿಡಬೇಕು. ಟ್ರೈಸೆಪ್ಸ್‌ಗೆ ಪೂರ್ತಿ ದುಡಿಯುವ ಅವಕಾಶವೇ ಸಿಗುವುದಿಲ್ಲ. ನಿಮ್ಮ ಕಿಲೊಗಳಲ್ಲಿ ದೊಡ್ಡ ಪಾಲು ಹೋದದ್ದು ಇಲ್ಲಿಗೆ. ರಾಡ್‌ನಲ್ಲಿ ನೀವು ಮೋಸ ಮಾಡಿಕೊಳ್ಳುತ್ತಿಲ್ಲ. ಅಲ್ಲಿ ಒಬ್ಬ ಕೆಲಸಗಾರ ಹೆಚ್ಚಿಗೆ ಇದ್ದಾನೆ, ಅಷ್ಟೇ.

ಆದ್ದರಿಂದ ‘ಡಂಬೆಲ್ ಬರೀ ಶೇಪ್‌ಗೆ’ ಎಂಬ ಮಾತು ನಿಲ್ಲುವುದಿಲ್ಲ. ಎದೆಯ ಬಲವೂ ಗಾತ್ರವೂ ಎರಡರಿಂದಲೂ ಬೆಳೆಯುತ್ತವೆ. ಹಾಗೆಂದು ಮಾಸ್ಟರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸ್ಪರ್ಧೆಗೆ ಇಳಿಯುವವರಿಗೆ ರಾಡ್ ಬಿಟ್ಟು ಬೇರೆ ದಾರಿಯಿಲ್ಲ, ಏಕೆಂದರೆ ಅವರನ್ನು ಅಳೆಯುವುದು ಅದರಲ್ಲೇ. ಪವರ್‌ಲಿಫ್ಟಿಂಗ್‌ನಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಮೂರೂ ರಾಡ್‌ನವು. ಬೆಂಚ್ ಪ್ರೆಸ್‌ನಲ್ಲಿ ಎರಡು ತೋರುಬೆರಳುಗಳ ನಡುವಿನ ಅಂತರ 81 ಸೆಂಟಿಮೀಟರ್ ಮೀರಬಾರದೆಂಬ ನಿಯಮವೂ ಇದೆ. ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್‌ನಲ್ಲಂತೂ ಇರುವುದು ಬೆಂಚ್ ಪ್ರೆಸ್ ಒಂದೇ. ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ 2016ರಲ್ಲಿ ರಿಯೊದಲ್ಲಿ ಸ್ಪರ್ಧಿಸಿದ್ದು ಅದರಲ್ಲಿಯೇ. ನಿಮ್ಮ ಪತ್ರದಲ್ಲಿ ಸ್ಪರ್ಧೆಯ ಮಾತೇ ಇಲ್ಲ.

ರಾಡ್‌ಗೆ ಇನ್ನೊಂದು ಅನುಕೂಲವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಡು ಬದಿಗೆ 1.25 ಕಿಲೊದ ಸಣ್ಣ ಪ್ಲೇಟ್ ಸೇರಿಸಿದರೆ 60 ಇದ್ದದ್ದು 62.5 ಆಗುತ್ತದೆ, ಇದು ಶೇಕಡ ನಾಲ್ಕರ ಏರಿಕೆ. ಡಂಬೆಲ್‌ನಲ್ಲಿ 22.5ರ ಮುಂದಿನ ಮೆಟ್ಟಿಲು 25. ಎರಡು ಕೈಗೆ ಒಮ್ಮೆಲೇ ಐದು ಕಿಲೊ, ಶೇಕಡ 11ರ ಏರಿಕೆ. ನೀವು ಆರು ತಿಂಗಳಿಂದ 22.5ರಲ್ಲೇ ನಿಂತಿರುವುದಕ್ಕೆ ಈ ಎತ್ತರದ ಮೆಟ್ಟಿಲೂ ಒಂದು ಕಾರಣ. ಎಂಟು ಆದೊಡನೆ 25ಕ್ಕೆ ಕೈ ಹಾಕದೆ, 22.5ರಲ್ಲಿಯೇ ವಾರವಾರ ಒಂದೊಂದು ಹೆಚ್ಚಿಸಿಕೊಂಡು ಹನ್ನೆರಡಕ್ಕೆ ತಲುಪಿದ ಮೇಲೆ ಏರಿ. ಆಗ 25ರಲ್ಲಿ ಆರೇಳು ಸಲೀಸಾಗಿ ಬರುತ್ತವೆ.

ಈಗ ಭುಜದ ವಿಚಾರ. ರಾಡ್ ಎರಡು ಅಂಗೈಗಳನ್ನೂ ಒಂದೇ ಗೆರೆಗೆ ಕಟ್ಟಿಹಾಕುತ್ತದೆ. ನಿಮ್ಮ ಎಡಭುಜ ಬಲಭುಜದಷ್ಟು ಸಡಿಲವಾಗಿಲ್ಲದಿದ್ದರೂ ಅದೇ ದಾರಿಯಲ್ಲಿ ಇಳಿಯಲೇಬೇಕು. ಡಂಬೆಲ್‌ನಲ್ಲಿ ಮಣಿಕಟ್ಟನ್ನು ತುಸು ಒಳಕ್ಕೆ ತಿರುಗಿಸಿಕೊಳ್ಳಬಹುದು, ಒಂದೊಂದು ತೋಳೂ ತನಗೆ ಒಗ್ಗಿದ ದಾರಿ ಹಿಡಿಯಬಹುದು. ನಿಮಗೆ ಡಂಬೆಲ್‌ನಲ್ಲಿ ನೋವು ಕಡಿಮೆ ಎನಿಸುವುದಕ್ಕೆ ಇದು ಕಾರಣವಿರಬಹುದು. ಆದರೆ ಪತ್ರದ ಮೂರನೆಯ ಪುಟದಲ್ಲಿ ನೀವು ಬರೆದ ಒಂದು ವಾಕ್ಯದ ಮೇಲೆ ನನ್ನ ಅನುಮಾನವಿದೆ: ‘ರಾಡನ್ನು ಅಗಲವಾಗಿ ಹಿಡಿದು ಕೊರಳ ಕಡೆಗೆ ಇಳಿಸುತ್ತೇನೆ, ಎದೆ ಚೆನ್ನಾಗಿ ಎಳೆಯುತ್ತದೆ.’ ಹಾಗೆ ಇಳಿಸಿದಾಗ ಮೇಲ್ತೋಳು ಪಕ್ಕೆಯಿಂದ ಪೂರ್ತಿ 90 ಡಿಗ್ರಿ ಹೊರಕ್ಕೆ ಚಾಚಿಕೊಂಡು, ಭಾರವೆಲ್ಲ ಭುಜದ ಕೀಲಿನ ಮುಂಭಾಗದ ಮೇಲೆ ಬೀಳುತ್ತದೆ. ಹಿಡಿತವನ್ನು ಭುಜದ ಅಗಲದ ಒಂದೂವರೆ ಪಟ್ಟಿನೊಳಗೆ ತನ್ನಿ, ರಾಡನ್ನು ಮೊಲೆತೊಟ್ಟಿನ ಗೆರೆಗೋ ಅದಕ್ಕಿಂತ ತುಸು ಕೆಳಕ್ಕೋ ಇಳಿಸಿ, ಬೆನ್ನ ಮೇಲಿನ ರೆಕ್ಕೆಯಂಥ ಎರಡು ಎಲುಬುಗಳನ್ನು ಒಂದಕ್ಕೊಂದು ಹತ್ತಿರ ಎಳೆದು ಬೆಂಚಿಗೆ ಒತ್ತಿಕೊಳ್ಳಿ. ಆಗ ಮೊಣಕೈ ತಾನಾಗಿಯೇ ಪಕ್ಕೆಯ ಕಡೆಗೆ ಸರಿಯುತ್ತದೆ. ಡಂಬೆಲ್‌ಗೂ ಇದೇ ಮಾತು ಸಲ್ಲುತ್ತದೆ. ಅಡ್ಡಗಟ್ಟಲು ರಾಡ್ ಇಲ್ಲವೆಂದು ಡಂಬೆಲ್ಲನ್ನು ಎದೆಗಿಂತ ಬಹಳ ಕೆಳಕ್ಕೆ ಇಳಿಬಿಡುವವರ ಭುಜವೂ ಹಾಗೆಯೇ ನೋಯುತ್ತದೆ. ಆ ಬದಿಗೆ ಮಲಗಿದಾಗ ರಾತ್ರಿ ಎಚ್ಚರವಾಗುವಷ್ಟು ನೋವಿದ್ದರೆ, ಅಥವಾ ಮೇಲಿನ ಕಪಾಟಿನ ಡಬ್ಬಿಗೆ ಕೈ ಎತ್ತಲಾಗದಿದ್ದರೆ, ಸಂಪಾದಕನ ಉತ್ತರಕ್ಕೆ ಕಾಯದೆ ಮೂಳೆ ವೈದ್ಯರನ್ನು ಕಾಣಿರಿ.

ನನ್ನ ತೀರ್ಮಾನ ಇದು: ಮುಂದಿನ ಮೂರು ತಿಂಗಳು ಡಂಬೆಲ್ ನಿಮ್ಮ ಮುಖ್ಯ ವ್ಯಾಯಾಮವಾಗಲಿ, ವಾರಕ್ಕೆ ಎರಡು ದಿನ. ರಾಡನ್ನು ಬಿಡಬೇಡಿ, ಅದರಲ್ಲೊಂದು ದಿನ ಕೊನೆಯಲ್ಲಿ 40 ಕಿಲೊದಷ್ಟು ಹಗುರ ತೂಕದಲ್ಲಿ ಮೇಲೆ ಹೇಳಿದ ಹಿಡಿತವನ್ನು ಕಲಿಯಿರಿ. ಡಂಬೆಲ್‌ನಲ್ಲಿ ಟ್ರೈಸೆಪ್ಸ್‌ಗೆ ಕೆಲಸ ಕಡಿಮೆಯಾಗುವುದರಿಂದ ಅದಕ್ಕೆ ಬೇರೆಯಾಗಿ ಏನಾದರೂ ಮಾಡಬೇಕು, ನಮ್ಮ ಗರಡಿಯ ದಂಡವೇ ಸಾಕು. ಕೈ ನೆಲಕ್ಕೆ ಊರಿ ಅಲುಗದೆ ನಿಲ್ಲುವುದರಿಂದ ಆ ವಿಷಯದಲ್ಲಿ ದಂಡವೂ ರಾಡ್‌ನ ಜಾತಿಗೇ ಸೇರಿದ್ದು.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಬೆಳಗ್ಗೆ ಐದೂವರೆಗೆ ಹೋಗುತ್ತೇನೆ, ಆಗ ಜಿಮ್‌ನಲ್ಲಿ ಯಾರೂ ಇರುವುದಿಲ್ಲ ಎಂದಿದ್ದೀರಿ. ಆರೇಳು ವರ್ಷಗಳ ಹಿಂದೆ ಅಂಥದೇ ಹೊತ್ತಿನಲ್ಲಿ ನಾನು ಐದನೆಯ ಸಲ ಒತ್ತುವಾಗ ರಾಡ್ ಎದೆಯಿಂದ ನಾಲ್ಕು ಬೆರಳು ಮೇಲೆ ಬಂದು ನಿಂತಿತು, ನಡುಗಿತು, ಮೆಲ್ಲನೆ ಮರಳಿ ಎದೆಯ ಮೇಲೆ ಕುಳಿತಿತು. ಕೂಗಿದರೆ ಕೇಳುವವರಿಲ್ಲ. ಪುಣ್ಯಕ್ಕೆ ರಾಡ್‌ನ ತುದಿಗೆ ಕ್ಲಿಪ್ ಹಾಕಿರಲಿಲ್ಲ. ಬಲಕ್ಕೆ ವಾಲಿಸಿದೆ, ಪ್ಲೇಟುಗಳು ಜಾರಿ ಬಿದ್ದವು, ಆ ಬದಿ ಹಗುರವಾದದ್ದೇ ತಡ ರಾಡ್ ಎಡಕ್ಕೆ ಚಿಮ್ಮಿ ಗೋಡೆಯ ಕನ್ನಡಿಗೆ ಬಡಿಯಿತು. ಕನ್ನಡಿಯ ಹಣ ಕೊಟ್ಟೆ. ಒಬ್ಬರೇ ಇರುವಾಗ ರಾಡ್ ಮಾಡುವುದಾದರೆ ಎದೆಯ ಎತ್ತರಕ್ಕೆ ಅಡ್ಡಕಂಬಿ ಇರುವ ಚೌಕಟ್ಟಿನೊಳಗೆ ಮಾಡಿ, ಹೆಬ್ಬೆರಳನ್ನು ರಾಡ್‌ಗೆ ಸುತ್ತಿಯೇ ಹಿಡಿಯಿರಿ. ಡಂಬೆಲ್ ಸೋತರೆ ಬದಿಗೆ ಇಳಿಸಿದರಾಯಿತು. ಅಲ್ಲಿರುವ ಕಷ್ಟ ಆರಂಭದ್ದು. ನಿಂತು ಎತ್ತಿಕೊಂಡು ಮಲಗುವ ಬದಲು, ಬೆಂಚಿನ ಅಂಚಿನಲ್ಲಿ ಕುಳಿತು, ತೊಡೆಯ ಮೇಲೆ ಡಂಬೆಲ್ ನಿಲ್ಲಿಸಿಕೊಂಡು, ಹಿಂದಕ್ಕೆ ಮಲಗುತ್ತಲೇ ಒಂದೊಂದೇ ಮೊಣಕಾಲಿನಿಂದ ಮೇಲಕ್ಕೆ ಒದ್ದುಕೊಳ್ಳಿ. ಮುಗಿದ ಮೇಲೆ ಮೊಣಕಾಲು ಎತ್ತಿ ಡಂಬೆಲ್ಲಿಗೆ ತಾಗಿಸಿ, ಅದೇ ಭಾರದಿಂದ ಎದ್ದು ಕುಳಿತುಕೊಳ್ಳಿ. ಎಡಭುಜ ನೋಯುತ್ತಿರುವಾಗ ಈ ಎರಡು ಕ್ಷಣಗಳಲ್ಲಿ ಎಚ್ಚರ ಹೆಚ್ಚು ಬೇಕು.

ರಾಡ್ ತೂಗಿ ನೋಡಿದ ಮೇಲೆ ಒಂದು ಕಾರ್ಡ್ ಬರೆಯಿರಿ. ಅದು 20 ಕಿಲೊವೇ ಆಗಿದ್ದರೆ ಇನ್ನೂ ಐದು ಕಿಲೊ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಆಗ ನಿಮ್ಮ ಎಡ ಮತ್ತು ಬಲ ತೋಳುಗಳು ಬೇರೆಬೇರೆಯಾಗಿ ಎಷ್ಟೆಷ್ಟು ಒತ್ತುತ್ತವೆ ಎಂಬುದನ್ನೂ ಅದರಲ್ಲಿ ತಿಳಿಸಿ.

ಸಂಪಾದಕ