ನಕ್ಷೆಯ ಮೂಲೆಯಲ್ಲಿ ಯಾರ ಹೆಸರಿದೆ?

ಹಳೆ ಕಟ್ಟಡಗಳ ನಕ್ಷೆ, ಚಿತ್ರ, ದಾಖಲೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಪತ್ರಾಗಾರ ತಜ್ಞರ ಉತ್ತರ.

ಪ್ರಶ್ನೆ: ನಮ್ಮ ತಾತ ಪಿಡಬ್ಲ್ಯುಡಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸುರುಳಿ ಸುತ್ತಿದ ಹತ್ತಿಪ್ಪತ್ತು ನಕ್ಷೆಗಳು ಸಿಕ್ಕಿವೆ. ಕೆಲವು ನೀಲಿ, ಕೆಲವು ತೆಳು ಬಟ್ಟೆಯ ಮೇಲಿವೆ. ಇವಕ್ಕೆ ಬೆಲೆ ಇದೆಯಾ? ಹೇಗೆ ಇಟ್ಟುಕೊಳ್ಳಬೇಕು? – ಬಸವನಗುಡಿಯ ಓದುಗರು

ಉತ್ತರ: ಮೊದಲು ಒಂದು ಮಾತು. ಸುರುಳಿಯನ್ನು ಎಳೆದು ಬಿಚ್ಚಬೇಡಿ. ನಾನೇ ಶುರುವಿನ ದಿನಗಳಲ್ಲಿ ಅವಸರ ಮಾಡಿ ಒಂದು ಹಾಳೆಯನ್ನು ನಡುವೆಯೇ ಸೀಳಿಸಿದ್ದೇನೆ. ಆ ಸದ್ದು ಇನ್ನೂ ಕಿವಿಯಲ್ಲಿದೆ. ತಾನಾಗಿ ಎಷ್ಟು ಬಿಚ್ಚಿಕೊಳ್ಳುತ್ತದೋ ಅಷ್ಟು ಸಾಕು. ಗಟ್ಟಿಯಾಗಿದ್ದರೆ ನುರಿತವರಿಗೇ ಬಿಡಿ.

ಬಟ್ಟೆಯಂಥದ್ದು ಟ್ರೇಸಿಂಗ್ ಬಟ್ಟೆ. ಅದಕ್ಕೆ ಗಂಜಿ ಹಾಕಿ ನಯ ಮಾಡಿರುತ್ತಾರೆ. ನೀರು ತಾಗಿದರೆ ಗಂಜಿ ಬಿಟ್ಟುಕೊಳ್ಳುತ್ತದೆ, ಗೆರೆಯೂ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಹೋಗಬೇಡಿ, ಮೆತ್ತನೆಯ ಒಣ ಬ್ರಶ್ ಸಾಕು. ನೀಲಿ ಹಾಳೆ ಬ್ಲೂಪ್ರಿಂಟ್. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಬಟ್ಟೆಯ ನಕ್ಷೆಯಿಟ್ಟು ಬಿಸಿಲಿಗೆ ಹಿಡಿದರೆ ಗೆರೆ ಬಿಳಿಯಾಗಿ ಉಳಿದು ಮಿಕ್ಕಿದ್ದೆಲ್ಲ ನೀಲಿಯಾಗುತ್ತದೆ. ಬೆಳಕಿನಲ್ಲಿಟ್ಟರೆ ಈ ನೀಲಿ ಮಾಸುತ್ತದೆ. ತಮಾಷೆ ಅಂದ್ರೆ, ಮತ್ತೆ ಕತ್ತಲಲ್ಲಿಟ್ಟರೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ. ಆದರೆ ಕ್ಷಾರ ಅದಕ್ಕೆ ಆಗುವುದಿಲ್ಲ. ದಾಖಲೆ ಇಡಲೆಂದೇ ಮಾರುವ ಕೆಲವು ಒಳ್ಳೆಯ ಕಾಗದಗಳಲ್ಲೂ ಕ್ಷಾರ ಸೇರಿಸಿರುತ್ತಾರೆ, ಕೊಳ್ಳುವಾಗ ಕೇಳಿ ಕೊಳ್ಳಿ. ಬಿಳಿ ಹಾಳೆಯ ಮೇಲೆ ಕಂದು ಅಥವಾ ನೇರಳೆ ಗೆರೆ ಇದ್ದರೆ ಅದು ಅಮೋನಿಯಾ ಪ್ರಿಂಟ್. ಅದನ್ನು ಬೇರೆಯೇ ಇಡಿ. ಪಕ್ಕದ ಹಾಳೆಯನ್ನೂ ಕೆಡಿಸುತ್ತದೆ. ಲ್ಯಾಮಿನೇಶನ್, ಸೆಲೋಟೇಪು ಎರಡೂ ಬೇಡ. ಟ್ರಂಕನ್ನು ಅಟ್ಟದಿಂದ ಇಳಿಸಿ. ಹೆಂಚಿನ ಕೆಳಗಿನ ಬಿಸಿಯೂ ಮಳೆಗಾಲದ ತೇವವೂ ಕಾಗದಕ್ಕೆ ಶತ್ರು.

ಬೆಲೆಯ ಮಾತು. ದುಡ್ಡಿನ ಬೆಲೆ ನಾನು ಹೇಳುವುದಿಲ್ಲ. ಆದರೆ ಹಾಳೆಯ ಕೆಳಗಿನ ಬಲಮೂಲೆ ನೋಡಿ. ಅಲ್ಲೊಂದು ಚೌಕವಿರುತ್ತದೆ. ಕೆಲಸದ ಹೆಸರು, ಸ್ಕೇಲು, ತಾರೀಖು, ಜೊತೆಗೆ ಬರೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು ಅಂತ ಮೂರು ಸಹಿ. ದೊಡ್ಡ ಸಾಹೇಬರ ಹೆಸರು ಕಲ್ಲಿನ ಫಲಕದಲ್ಲೂ ಸಿಗುತ್ತದೆ. ನಿಮ್ಮ ತಾತನಂಥವರ ಹೆಸರು ಸಿಗುವುದು ಈ ಚೌಕದಲ್ಲಿ ಮಾತ್ರ. ಅದೂ ಬರೀ ಇನಿಶಿಯಲ್. ತಾತನ ಅಕ್ಷರ ಬಲ್ಲವರು ಮನೆಯಲ್ಲಿ ಇರುವಾಗಲೇ ಗುರುತಿಸಿ, ಬೇರೆ ಹಾಳೆಯಲ್ಲಿ ಬರೆದಿಡಿ.

ತಾರೀಖು ಹರಿದುಹೋಗಿದ್ದರೆ ತಲೆಬರಹ ನೋಡಿ. ಮೈಸೂರು ಸರ್ಕಾರ ಅಂತಿದ್ದರೆ ಹಾಳೆ 1973ರ ನವೆಂಬರಿಗಿಂತ ಹಿಂದಿನದು. ಇನ್ನೊಂದು ಆಸೆಯ ಮಾತು: ಹಿಟ್ಲರನ ಜರ್ಮನಿ ಬಿಟ್ಟುಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದರು. ನಿಮ್ಮ ಪಕ್ಕದ ಕೃಷ್ಣರಾವ್ ಪಾರ್ಕಿನ ಮಂಟಪ ಅವರದೇ ವಿನ್ಯಾಸ. ಆ ವರ್ಷಗಳ ಹಾಳೆ ಇದ್ದರೆ ಮೊದಲು ಅದರ ಫೋಟೊ ತೆಗೆಯಿರಿ. ನೆರಳಿನ ಬೆಳಕಲ್ಲಿ, ನೇರ ಮೇಲಿನಿಂದ, ಪಕ್ಕದಲ್ಲಿ ಒಂದು ಅಡಿಕೋಲು ಇಟ್ಟು. ಹಾಳೆಯ ಬೆನ್ನಿನ ಫೋಟೊ ಮರೀಬೇಡಿ. ಲೆಕ್ಕ ಹಾಕಿದ್ದು, ಟೀ ಕಲೆ, ಫೈಲ್ ನಂಬರ್ ಎಲ್ಲ ಅಲ್ಲೇ ಇರೋದು.

ಪ್ರಶ್ನೆ: ಬೆಂಗಳೂರಿನ ಟಿಪ್ಪು ಅರಮನೆಯ ಹಳೆಯ ಇಂಗ್ಲಿಷ್ ಚಿತ್ರಗಳಲ್ಲಿ ಜಾಗ ಬಹಳ ವಿಶಾಲವಾಗಿ ಕಾಣುತ್ತದೆ. ಈಗ ಹೋದರೆ ಅಷ್ಟಿಲ್ಲ. ಚಿತ್ರವನ್ನು ನಂಬಬಹುದಾ? – ಚಾಮರಾಜಪೇಟೆಯ ಓದುಗರು

ಉತ್ತರ: ಅರ್ಧ ನಂಬಿ. ಈಗ ಉಳಿದಿರುವುದು ಅರಮನೆಯ ಒಂದು ಭಾಗ ಮಾತ್ರ, ಕೋಟೆಯಲ್ಲೂ ದಿಲ್ಲಿ ಬಾಗಿಲಿನ ಸುತ್ತಮುತ್ತಲಷ್ಟೇ ಉಳಿದಿದೆ. ಹಾಗಾಗಿ ದೊಡ್ಡದಾಗಿ ಕಂಡಿದ್ದೆಲ್ಲ ಸುಳ್ಳಲ್ಲ.

ಆದರೆ ಬರೆದವರು ಯಾರು ನೋಡಿ. ರಾಬರ್ಟ್ ಹೋಮ್ 1791ರಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ಚಿತ್ರಗಾರ. ಜೇಮ್ಸ್ ಹಂಟರ್ ಫಿರಂಗಿ ಪಡೆಯ ಅಧಿಕಾರಿ. ಇಬ್ಬರೂ ಗೆದ್ದವರ ಕಡೆಯವರು. ಗೆದ್ದ ಅರಮನೆ ಭವ್ಯವಾಗಿ ಕಂಡಷ್ಟೂ ಗೆಲುವಿಗೆ ಬೆಲೆ ಜಾಸ್ತಿ ಅಲ್ವಾ? ಮೇಲಾಗಿ ಹಂಟರ್ ತೀರಿಕೊಂಡಿದ್ದು 1792ರಲ್ಲಿ, ಅವನ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿದ್ದು 1805ರಲ್ಲಿ. ಅಚ್ಚಿನವರು ಒಂದು ಕಂಬ ಜಾಸ್ತಿ ಹಾಕಿದರೆ ತಿದ್ದಲು ಅವನೇ ಇರಲಿಲ್ಲ. ನಾನಾದರೆ ಕಮಾನಿನ ಆಕಾರ, ಕಂಬದ ಸಾಲು, ಬಾಲ್ಕನಿ ಇವನ್ನು ಇರುವ ಕಟ್ಟಡದ ಮುಂದೆ ನಿಂತು ತಾಳೆ ನೋಡುತ್ತೇನೆ. ಅಳತೆಗೆ ಮಾತ್ರ ಚಿತ್ರದ ಕಡೆ ಹೋಗುವುದಿಲ್ಲ. ಪಕ್ಕದಲ್ಲಿ ನಿಲ್ಲಿಸಿದ ಆಳುಗಳನ್ನು ಸ್ವಲ್ಪ ಕುಳ್ಳಗೆ ಬರೆದರೆ ಸಾಕು, ಅರಮನೆ ಎತ್ತರವಾಗುತ್ತದೆ!

ಪ್ರಶ್ನೆ: ವಿಧಾನಸೌಧ ಡಿಸೈನ್ ಮಾಡಿದ್ದು ಕೆಂಗಲ್ ಹನುಮಂತಯ್ಯನವರು ಅಂತ ಕೆಲವರು, ಮಾಣಿಕ್ಯಂ ಅಂತ ಕೆಲವರು. ಮಗಳ ಪ್ರಾಜೆಕ್ಟಿಗೆ ಏನು ಬರೆಸಲಿ? – ರಾಜಾಜಿನಗರದ ಓದುಗರು

ಉತ್ತರ: ಎರಡೂ ಬರೆಸಿ, ಆದರೆ ಬೇರೆ ಬೇರೆ ವಾಕ್ಯದಲ್ಲಿ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ಯೋಜನೆ ಇದಕ್ಕಿಂತ ಸರಳ. 1952ರಲ್ಲಿ ಬಂದ ಹನುಮಂತಯ್ಯನವರು ಅದನ್ನು ಬದಲಿಸಿ ಕಲ್ಲಿನ ಭವ್ಯ ಕಟ್ಟಡವೇ ಬೇಕೆಂದರು. ಅದನ್ನು ನಕ್ಷೆಯಾಗಿಸಿದ್ದು ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಮತ್ತು ಪಿಡಬ್ಲ್ಯುಡಿ ತಂಡ. ಕಟ್ಟಡ ಮುಗಿದಿದ್ದು 1956ರಲ್ಲಿ.

ಮಗಳಿಗೆ ಇನ್ನೂ ಕುತೂಹಲ ಇದ್ದರೆ ರಾಜ್ಯ ಪತ್ರಾಗಾರಕ್ಕೆ ಒಂದು ಕೋರಿಕೆ ಪತ್ರ ಬರೆಸಿ. ಹಳೆಯ ಸರ್ಕಾರಿ ಕಡತಗಳು ಅವರ ಬಳಿ ಇರುತ್ತವೆ. ಅವರ ಕಚೇರಿ ಇರೋದು ವಿಧಾನಸೌಧದಲ್ಲೇ. ‘ವಿಧಾನಸೌಧದ ಬಗ್ಗೆ ಎಲ್ಲ ಕೊಡಿ’ ಅಂತ ಬರೆದರೆ ಕೆಲಸ ಆಗಲ್ಲ. ಇಲಾಖೆ, ವರ್ಷ, ವಿಷಯ ಮೂರನ್ನೂ ನಮೂದಿಸಿ. ಶಾಲೆಯಿಂದ ಒಂದು ಪತ್ರವನ್ನೂ ಲಗತ್ತಿಸಿ.